ಲೇಸರ್ ಸ್ಪಂದಗಳ ಮೂಲಕ ಅನಿಲಗಳಲ್ಲಿ ತೀವ್ರ ನೇರಳಾತೀತ ಬೆಳಕಿನ ಉತ್ಪಾದನೆ ಮತ್ತು ಅದರ ನಿಯಂತ್ರಣ

ಸುಮಾರು 10ರಿಂದ 120 ನ್ಯಾನೋಮೀಟರ್ ತರಂಗದೂರವುಳ್ಳ ಬೆಳಕನ್ನು ತೀವ್ರ ನೇರಳಾತೀತ ಬೆಳಕು ಎಂದು ಕರೆಯಲಾಗುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಗಾಳಿಯು ಇದನ್ನು ಹೀರಿಕೊಳ್ಳುವುದರಿಂದ ನಿರ್ವಾತದಲ್ಲಿ ಮಾತ್ರ ಬಳಸಬೇಕಾಗುತ್ತದೆ. ಪ್ರಯೋಗಾಲಯದ ಮೇಜಿನ ಮೇಲೆಯೇ ಇದನ್ನು ಪಡೆಯುವ ವಿಧಾನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸದರಿ ವಿಧಾನದಲ್ಲಿ ಆರ್ಗಾನ್, ನಿಯಾನ್ ಮುಂತಾದ ಜಡಾನಿಲಗಳ ಮೇಲೆ ಕೆಲವೇ ಫೆಮ್ಟೊಸೆಕೆಂಡುಗಳಿಂದ ಕೆಲವು ಹತ್ತು ಫೆಮ್ಟೊಸೆಕೆಂಡುಗಳವರೆಗೆ ಬಾಳುವ ಲೇಸರ್ ಸ್ಪಂದವನ್ನು ಕೇಂದ್ರೀಕರಿಸಲಾಗುತ್ತದೆ. ಒಂದು ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಪುನಃ ಒಂದು ಕೋಟಿ ಭಾಗ ಮಾಡಿದಲ್ಲಿ ದೊರೆಯುವುದೇ ಫೆಮ್ಟೊಸೆಕೆಂಡ್. ಲೇಸರಿನ ಪ್ರಬಲ ವಿದ್ಯುತ್ ಕ್ಷೇತ್ರವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಸೆಳೆದುಕೊಳ್ಳುತ್ತದೆ. ಕ್ಷೇತ್ರದ ದಿಕ್ಕು ಬದಲಾದೊಡನೆ ಎಲೆಕ್ಟ್ರಾನು ಮರಳಿ ಬಂದು ಸೇರುತ್ತದೆ. ಗಳಿಸಿದ ಶಕ್ತಿಯನ್ನು ಬೆಳಕಾಗಿ ಹೊರಸೂಸುತ್ತದೆ. ಈ ವಿವರಣೆಯನ್ನು 1993ರಲ್ಲಿ ಕೆನಡಾದ ಪಾಲ್ ಕೋರ್ಕಮ್ ಮಂಡಿಸಿದರು. ಹೊಮ್ಮುವ ಬೆಳಕಿನ ಆವೃತ್ತಿಯು ಸಾಮಾನ್ಯವಾಗಿ ಲೇಸರಿನ ಆವೃತ್ತಿಯ ಬೆಸಸಂಖ್ಯೆಯ ಗುಣಕಗಳಲ್ಲಿರುತ್ತದೆ.

ತೊಡಕು ಇರುವುದು ಮುಂದಿನ ಹಂತದಲ್ಲಿ. ಒಳಹೋಗುವ ಲೇಸರ್ ಶಕ್ತಿಯಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ ಹೊಸ ಬೆಳಕಾಗಿ ಹೊರಬರುತ್ತದೆ. ಲೇಸರನ್ನು ಇನ್ನಷ್ಟು ಪ್ರಬಲಗೊಳಿಸಿದರೆ ಸಾಕಲ್ಲವೇ ಎಂದು ತೋರಬಹುದು, ಆದರೆ ಹಾಗಲ್ಲ. ಅನಿಲದ ಮೊದಲಲ್ಲಿ ಹುಟ್ಟಿದ ಅಲೆಯೂ ಕೊನೆಯಲ್ಲಿ ಹುಟ್ಟಿದ ಅಲೆಯೂ ಉಬ್ಬಿಗೆ ಉಬ್ಬು ಕೂಡಿದರೆ ಮಾತ್ರ ಬೆಳಕು ಬೆಳೆಯುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ಪರಸ್ಪರ ಅಳಿಸಿಹೋಗುತ್ತದೆ. ಎಲೆಕ್ಟ್ರಾನು ಕಳೆದುಕೊಳ್ಳದ ಪರಮಾಣುಗಳು ಲೇಸರ್ ಅಲೆಯನ್ನು ಹಿಂದೆಳೆಯುತ್ತವೆ, ಬಿಡುಗಡೆಯಾದ ಎಲೆಕ್ಟ್ರಾನುಗಳು ಮುಂದೂಡುತ್ತವೆ. ಜಮಾ ಮತ್ತು ಖರ್ಚು ಸರಿತೂಗುವಂತೆ ಇವೆರಡೂ ಸಮನಾದಾಗ ಮಾತ್ರ ಲೇಸರ್ ಮತ್ತು ಹೊಸ ಬೆಳಕು ಜೊತೆಯಾಗಿ ಸಾಗುತ್ತವೆ. 800 ನ್ಯಾನೋಮೀಟರ್ ಲೇಸರಿಗೆ ಆರ್ಗಾನ್‌ನಲ್ಲಿ ಈ ಸಮತೋಲವು ಸುಮಾರು ಶೇ. 5ರಷ್ಟು, ನಿಯಾನ್‌ನಲ್ಲಿ ಸುಮಾರು ಶೇ. 1ರಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಂಡಾಗ ತಪ್ಪಿಹೋಗುತ್ತದೆ. ಆದುದರಿಂದ ಪ್ರಾಬಲ್ಯವನ್ನು ಮಿತಿಯಲ್ಲಿಡುವುದು ಅನಿವಾರ್ಯ.

ಈ ಹೊಂದಾಣಿಕೆಗೆ ಅನಿಲದ ಒತ್ತಡವೇ ಮುಖ್ಯ ಸಾಧನ. ಅನಿಲ ತುಂಬಿದ, ಕೂದಲೆಳೆಯಂತೆ ಕಿರಿದಾದ ಟೊಳ್ಳು ಗಾಜಿನ ಕೊಳವೆಯಲ್ಲಿ ಒತ್ತಡವನ್ನು ಹೆಚ್ಚುಕಡಿಮೆ ಮಾಡುವ ಮೂಲಕ ಅಲೆಗಳನ್ನು ಸರಿಗೂಡಿಸಬಹುದೆಂದು 1998ರಲ್ಲಿ ಮಾರ್ಗರೆಟ್ ಮರ್ನೇನ್ ಮತ್ತು ಹೆನ್ರಿ ಕಾಪ್ಟೈನ್ ಅವರ ತಂಡವು ಅಮೆರಿಕದಲ್ಲಿ ತೋರಿಸಿತು. 2000ರಲ್ಲಿ ಇದೇ ತಂಡವು ಆಕಾರ ಬದಲಿಸಬಲ್ಲ ಕನ್ನಡಿಯನ್ನು ಗಣಕಯಂತ್ರಕ್ಕೆ ಜೋಡಿಸಿತು. ಯಂತ್ರವು ಪ್ರತಿ ಬಾರಿ ಫಲಿತಾಂಶವನ್ನು ಅಳೆದು ಸ್ಪಂದದ ರೂಪವನ್ನು ತಾನೇ ತಿದ್ದುತ್ತಾ ಹೋಗಿ, ಆಯ್ದ ಒಂದು ಗುಣಕದ ಬೆಳಕನ್ನು ಸುಮಾರು ಹತ್ತು ಪಟ್ಟು ಹೆಚ್ಚಿಸಿತು. ಲೇಸರಿಗೆ ಬಲ ಸೇರಿಸದೆ ರೂಪವನ್ನಷ್ಟೇ ತಿದ್ದಿ ಪಡೆದ ಈ ಲಾಭವು ಗಮನಾರ್ಹವಾದುದು.

ಈ ಬೆಳಕಿನಿಂದಲೇ 2001ರಲ್ಲಿ ಅಟೊಸೆಕೆಂಡ್, ಅಂದರೆ ಫೆಮ್ಟೊಸೆಕೆಂಡಿನ ಸಾವಿರದೊಂದು ಭಾಗದ ಅಳತೆಯ ಸ್ಪಂದಗಳು ಸಿದ್ಧಿಸಿದವು. 2023ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯು ಪಿಯರ್ ಅಗೋಸ್ಟಿನಿ, ಫೆರೆಂಕ್ ಕ್ರೌಸ್ ಮತ್ತು ಆನ್ ಲುಯಿಲಿಯೆ ಅವರಿಗೆ ಸಂದಿತು.

ಸಾರ್ವಜನಿಕರು ಗಮನಿಸತಕ್ಕ ಮತ್ತೊಂದು ಅಂಶವಿದೆ. ಚಿಪ್ ತಯಾರಿಕೆಯಲ್ಲಿ ಬಳಕೆಯಲ್ಲಿರುವ 13.5 ನ್ಯಾನೋಮೀಟರ್ ಬೆಳಕು ಈ ವಿಧಾನದಿಂದ ಬಂದುದಲ್ಲ. ತವರದ ಹನಿಗಳನ್ನು ಲೇಸರಿನಿಂದ ಕಾಯಿಸಿ ಅದನ್ನು ಪಡೆಯಲಾಗುತ್ತದೆ.