ಪರದೆ ದೊಡ್ಡದಾಗಲಿ, ಕುತ್ತಿಗೆ ಹಗುರಾಗಲಿ

ಮನೆಯವರು ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುವ ಗೃಹಿಣಿಯರು ಈಗ ಕಡಿಮೆಯೇನಿಲ್ಲ. ಅಂಗಡಿಗಳ ಲೆಕ್ಕ ಬರೆಯುವವರು, ಆನ್‌ಲೈನ್ ಟ್ಯೂಷನ್ ಮಾಡುವವರು, ಸೀರೆ ಕುಚ್ಚಿಗೆ ಆರ್ಡರ್ ಹಿಡಿಯುವವರು... ಹಲವರ ದೂರು ಒಂದೇ: ‘ಸಂಜೆ ಹೊತ್ತಿಗೆ ಕುತ್ತಿಗೆ ಹಿಡ್ಕೊಳ್ಳುತ್ತೆ, ಕಣ್ಣು ಉರಿಯುತ್ತೆ.’ ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ. ಎಷ್ಟೋ ಸಲ ಇದಕ್ಕೆ ಕಾರಣ ಆ ಪುಟ್ಟ ಪರದೆ.

ಲ್ಯಾಪ್‌ಟಾಪ್‌ನಲ್ಲಿ ಪರದೆ, ಕೀಬೋರ್ಡ್ ಎರಡೂ ಅಂಟಿಕೊಂಡೇ ಇರುತ್ತವೆ. ಕೈಗೆ ಹಿತವಾಗುವಂತೆ ಇಟ್ಟರೆ ತಲೆ ಬಗ್ಗಿಸಬೇಕು, ಕಣ್ಣಿನ ಮಟ್ಟಕ್ಕೆ ಎತ್ತಿದರೆ ಕೈ ನೋಯುತ್ತದೆ. ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ, ಜೊತೆಗೊಂದು ಮಾನಿಟರ್ ಸಾಕು. ಒಂದರಲ್ಲಿ ಬಿಲ್ಲು, ಇನ್ನೊಂದರಲ್ಲಿ ಲೆಕ್ಕದ ಹಾಳೆ ತೆರೆದಿಟ್ಟರೆ ಅತ್ತಿಂದಿತ್ತ ಹಾರುವ ಕೆಲಸವೂ ತಪ್ಪುತ್ತದೆ.

ಕೊಳ್ಳುವ ಮುನ್ನ

* ಮೊದಲು ಹಾಲ್‌ನ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನಾಲ್ಕು ದಿನ ನೋಡಿ. ದೂರದಿಂದ ಅಕ್ಷರ ಓದುವುದು ಕಷ್ಟ, ಆದರೆ ಎರಡು ಪರದೆ ನಿಮಗೆ ಒಗ್ಗುತ್ತದೆಯೇ ಎಂಬುದು ತಿಳಿಯುತ್ತದೆ.

* ಲ್ಯಾಪ್‌ಟಾಪ್‌ನಲ್ಲಿ ಯಾವ ಪೋರ್ಟ್ ಇದೆ ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ. ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ಚಿತ್ರ ಕಳಿಸುವುದಿಲ್ಲ!

* ಸಾಮಾನ್ಯ ಕೆಲಸಕ್ಕೆ 24 ಇಂಚಿನ ಫುಲ್ ಎಚ್‌ಡಿ (1920x1080) ಸಾಕು. 15.6 ಇಂಚಿನ ಲ್ಯಾಪ್‌ಟಾಪ್ ಪರದೆಗಿಂತ ಇದರ ವಿಸ್ತಾರ ಎರಡು ಪಟ್ಟಿಗೂ ಹೆಚ್ಚು. 27 ಇಂಚು ಬೇಕೆಂದರೆ 2560x1440 ಇರುವುದನ್ನೇ ಆರಿಸಿ. ಇಲ್ಲದಿದ್ದರೆ ಹತ್ತಿರದಿಂದ ಅಕ್ಷರ ಒರಟಾಗಿ ಕಾಣುತ್ತದೆ.

* ಸ್ಟ್ಯಾಂಡ್ ಮೇಲೆ-ಕೆಳಗೆ ಮಾಡುವಂತಿದ್ದರೆ ಒಳ್ಳೆಯದು. ಇಲ್ಲವೇ, ಅಲುಗಾಡದ ಊಟದ ಮಣೆ ಕೆಳಗಿಟ್ಟರಾಯಿತು.

ಜೋಡಿಸುವುದು ಹೇಗೆ?

ಕೇಬಲ್ ಹಾಕಿ, ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ. ‘ಡೂಪ್ಲಿಕೇಟ್’ ಆರಿಸಿದರೆ ಎರಡರಲ್ಲೂ ಒಂದೇ ಚಿತ್ರ. ನಮಗೆ ಬೇಕಾದದ್ದು ‘ಎಕ್ಸ್‌ಟೆಂಡ್’. ಮೌಸ್ ಉಲ್ಟಾ ದಿಕ್ಕಿಗೆ ಹೋಗುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಎಂಬ ಚೌಕಗಳನ್ನು ಎಳೆದು, ಮೇಜಿನ ಮೇಲೆ ಇರುವಂತೆಯೇ ಕೂರಿಸಿ.

ಎಲ್ಲಿಡಬೇಕು?

* ಹೆಚ್ಚು ನೋಡುವ ಪರದೆ ಎದುರಿಗೇ ಇರಲಿ, ಲ್ಯಾಪ್‌ಟಾಪ್ ಪಕ್ಕಕ್ಕಿರಲಿ. ಬೇರೆ ಕೀಬೋರ್ಡ್, ಮೌಸ್ ಇದ್ದರೆ ಇನ್ನೂ ಆರಾಮ.

* ಪರದೆ ಒಂದು ತೋಳಿನ ದೂರದಲ್ಲಿರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ.

* ಬೈಫೋಕಲ್, ಪ್ರೊಗ್ರೆಸಿವ್ ಕನ್ನಡಕದವರು ಇನ್ನೂ ಸ್ವಲ್ಪ ತಗ್ಗಿಸಿಕೊಳ್ಳಿ. ಕೆಳಗಿನ ಗಾಜಿನಿಂದ ಓದಲು ಗಲ್ಲ ಎತ್ತಿ ಎತ್ತಿಯೇ ಕುತ್ತಿಗೆ ನೋವು ಬರುವುದುಂಟು.

* ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ.

* 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಬಾಲ್ಕನಿಯ ತುಳಸಿ ಗಿಡ ಅಷ್ಟು ದೂರವಿಲ್ಲದಿದ್ದರೆ ಎದುರು ಮನೆಯ ತೆಂಗಿನ ಮರವಾದರೂ ಆದೀತು!

ಇಷ್ಟಾದರೂ ನೋವು ಹೋಗದಿದ್ದರೆ, ಕೈ ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ, ತಡ ಮಾಡಬೇಡಿ.

ಕೊನೆಗೊಂದು ಮಾತು. ಊಟದ ಹೊತ್ತಿಗೆಲ್ಲ ಎತ್ತಿಡಬೇಕಾದ ಕಡೆ ಮಾನಿಟರ್ ನಿಲ್ಲುವುದಿಲ್ಲ. ಮನೆಯಲ್ಲಿ ನಿಮ್ಮದೇ ಒಂದು ಮೂಲೆ, ಒಂದು ಮೇಜು ಕೇಳಿ ಪಡೆಯಿರಿ. ಮಗನ ಗೇಮ್‌ಗೆ ದೊಡ್ಡ ಪರದೆ ಬರುವ ಮನೆಯಲ್ಲಿ ಅಮ್ಮನ ದುಡಿಮೆಗೆ ಒಂದು ಬಂದರೆ ಅದು ದುಂದುವೆಚ್ಚವಲ್ಲ, ಅಲ್ವಾ?