ಮಾಂಟಾ ತೊರಕೆಗೂ ಟ್ಸೆಟ್ಸೆ ನೊಣಕ್ಕೂ ಎತ್ತಣ ಸಂಬಂಧ?

ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಚಪ್ಪಟೆ ಮೀನುಗಳ ಪೈಕಿ ದೈತ್ಯ ಮಾಂಟಾ ಸುಮಾರು 7 ಮೀಟರ್ ಅಗಲ ಬೆಳೆಯಬಲ್ಲದು. ಅದನ್ನು ಆಫ್ರಿಕದಲ್ಲಿ ನಿದ್ರಾರೋಗ ಹರಡುವ ಟ್ಸೆಟ್ಸೆ ನೊಣಕ್ಕೆ ಹೋಲಿಸುವುದು ಹಾಸ್ಯವೆನಿಸೀತು. ಆದರೆ ಸಂತಾನದ ವಿಷಯದಲ್ಲಿ ಎರಡೂ ಹಿಡಿದಿರುವುದು ಒಂದೇ ದಾರಿ.

ಇತರ ನೊಣಗಳಂತೆ ಟ್ಸೆಟ್ಸೆ ರಾಶಿ ಮೊಟ್ಟೆಯಿಡುವುದಿಲ್ಲ. ಒಂದೇ ಮರಿಹುಳುವನ್ನು ಗರ್ಭದಲ್ಲಿರಿಸಿಕೊಂಡು, ವಿಶೇಷ ಗ್ರಂಥಿಯಿಂದ ಸ್ರವಿಸುವ ಕೊಬ್ಬು, ಪ್ರೋಟೀನುಗಳ ಹಾಲನ್ನು ಅದಕ್ಕೆ ಉಣಿಸುತ್ತದೆ. 9-10 ದಿನಗಳಿಗೊಮ್ಮೆ ಹೆರಿಗೆ. ಹುಟ್ಟಿದ ಮರಿಯ ತೂಕ ಹೆಚ್ಚುಕಡಿಮೆ ತಾಯಿಯಷ್ಟೇ! ಜೀವಮಾನದಲ್ಲಿ ಹೆರುವುದು ಎಂಟು-ಹತ್ತು ಮರಿಗಳನ್ನಷ್ಟೆ. ಮಾಂಟಾ ಕೂಡ ಗರ್ಭಕೋಶದ ಗೋಡೆಯಿಂದ ಒಸರುವ ಹಾಲಿನಂಥ ದ್ರವವನ್ನು ಉಣಿಸಿ, ಸುಮಾರು ಒಂದು ವರ್ಷ ಹೊತ್ತು, ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುತ್ತದೆ. ಮುಂದಿನ ಮರಿಗೆ ಹಲವು ವರ್ಷಗಳೇ ಬೇಕು.

ಹೀಗೆ ಹೆರುವ ಜೀವಿಗಳಿಗೆ ನಷ್ಟ ತುಂಬಿಕೊಳ್ಳುವುದು ಕಷ್ಟ. ಜಾಂಜಿಬಾರಿನ ಉಂಗುಜಾ ದ್ವೀಪದಲ್ಲಿ ವಿಜ್ಞಾನಿಗಳಿಗೆ ಇದು ಅನುಕೂಲವೇ ಆಯಿತು. ಕೀಟನಾಶಕದಿಂದ ನೊಣಗಳ ಸಂಖ್ಯೆ ತಗ್ಗಿಸಿದ ಬಳಿಕ, ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡುಗಳನ್ನು 1994ರಿಂದ ವಿಮಾನದಲ್ಲಿ ಬಿಡಲಾಯಿತು. ಹೆಣ್ಣು ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುವುದರಿಂದ ಅದರ ಸಂತಾನ ಅಲ್ಲಿಗೇ ನಿಂತಿತು. ಜಾನುವಾರುಗಳನ್ನು ಕಾಡುತ್ತಿದ್ದ ಟ್ಸೆಟ್ಸೆಯಿಂದ ದ್ವೀಪ ಮುಕ್ತವೆಂದು 1997ರಲ್ಲಿ ಘೋಷಿಸಲಾಯಿತು.

ಮಾಂಟಾವನ್ನು ಅಳಿಸಲು ಯಾರೂ ಯೋಜನೆ ಹಾಕಿಲ್ಲ. ಆದರೂ ಬೇರೆ ಮೀನಿಗೆ ಬೀಸಿದ ಬಲೆಗಳಲ್ಲಿ ಅದು ಸಿಲುಕುತ್ತದೆ. ಚೀನೀ ಔಷಧಿಯ ಹೆಸರಿನಲ್ಲಿ ಅದರ ಕಿವಿರುಗಳಿಗೆ ಬೇಡಿಕೆಯೂ ಇದೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 2013ರಲ್ಲಿ ಈ ಮಾರಾಟಕ್ಕೆ ಕಡಿವಾಣ ಹಾಕಿತು. ಏಳು ವರ್ಷಗಳ ಬಳಿಕ, 2020ರಲ್ಲಿ, ಐಯುಸಿಎನ್ ದೈತ್ಯ ಮಾಂಟಾವನ್ನು ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿಸಿತು.