ಅಂಡರ್‌ಗ್ರೌಂಡ್ ರ‍್ಯಾಪ್, ಮಾರುಕಟ್ಟೆಯ ರ‍್ಯಾಪ್: ಆಡುನುಡಿಯ ಸಾಕ್ಷ್ಯವನ್ನು ಓದುವ ಬಗೆ

ಹಿಪ್‌ಹಾಪ್ ಕುರಿತ ಚರ್ಚೆಯಲ್ಲಿ ಒಂದು ಗ್ರಹಿಕೆ ಬೇರೂರಿದೆ: ಧ್ವನಿಮುದ್ರಣ ಕಂಪನಿಯ ಹಂಗಿಲ್ಲದ ಅಂಡರ್‌ಗ್ರೌಂಡ್ ರ‍್ಯಾಪಿನಲ್ಲಿ ಬೀದಿಯ ನುಡಿ ಉಳಿಯುತ್ತದೆ; ವಾಣಿಜ್ಯ ಯಶಸ್ಸು ಅದನ್ನು ಅಳಿಸುತ್ತದೆ. ಕನ್ನಡದಲ್ಲಿ ಇದಕ್ಕೆ ನಿದರ್ಶನ ಸುಲಭವಾಗಿ ಸಿಗುವಂತೆ ತೋರುತ್ತದೆ. 2017ರ ‘3 ಪೆಗ್’ ಗೀತೆಯಿಂದ ಮನೆಮಾತಾದ ಚಂದನ್ ಶೆಟ್ಟಿ ಹಾಸನ ಜಿಲ್ಲೆಯವರು. ಗೀತೆಯದು ಇಂಗ್ಲಿಷ್ ಬೆರೆತ ನಗರದ ಕನ್ನಡ. ಆದರೂ ಈ ಗ್ರಹಿಕೆಯನ್ನು ನಿಯಮವೆಂದು ಒಪ್ಪಲಾಗದು.

ಎಚ್. ಸಾಮಿ ಅಲೀಂ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಈವ್ ಮತ್ತು ಜುವೆನೈಲ್ ಎಂಬ ರ‍್ಯಾಪರುಗಳ ಹಾಡುಗಳನ್ನು ಅವರ ಸಂದರ್ಶನಗಳೊಡನೆ ಹೋಲಿಸಿತು. ಆಫ್ರಿಕನ್ ಅಮೆರಿಕನ್ ಇಂಗ್ಲಿಷಿನ ಪ್ರಮುಖ ಲಕ್ಷಣವಾದ ಸಂಯೋಜಕ ಕ್ರಿಯಾಪದದ ಲೋಪವು ಸಂದರ್ಶನಗಳಿಗಿಂತ ಹಾಡುಗಳಲ್ಲಿಯೇ ಅಧಿಕವಾಗಿತ್ತು. ಇಬ್ಬರೂ ಮಾರುಕಟ್ಟೆಯಲ್ಲಿ ಗೆದ್ದವರು. ಎಂದರೆ, ಯಶಸ್ಸಿನ ನಡುವೆಯೂ ಬೀದಿಯ ನುಡಿ ಅಳಿಯಲಿಲ್ಲ. ಅದು ಪ್ರಜ್ಞಾಪೂರ್ವಕ ಆಯ್ಕೆಯಾಯಿತು.

ಈ ದೃಷ್ಟಿಯಿಂದ ತಲಕಾಡು ಸೀಮೆಯ ಕನ್ನಡವನ್ನು ಗಮನಿಸಬಹುದು. ನೆರೆಯ ನಂಜನಗೂಡಿನ ಒಕ್ಕಲಿಗರ ನುಡಿಯನ್ನು ಯು. ಪಿ. ಉಪಾಧ್ಯಾಯರು ವಿವರಿಸಿದ ಕೃತಿ 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಗಿದೆ. ಹಳೆಯ ಮೈಸೂರಿನ ಗ್ರಾಮೀಣ ನುಡಿಗಳಲ್ಲಿ ಪದಾದಿ ಹಕಾರ ಲೋಪವಾಗುತ್ತದೆ (ಹಾಲು – ಆಲು). ‘ಬಿಡು’ ಎಂಬುದು ‘ಬುಡು’ ಆಗುತ್ತದೆ. ‘ಬರುತ್ತೇನೆ’ ‘ಬತ್ತೀನಿ’ ಆಗುತ್ತದೆ, ‘ಹೋಗುತ್ತೇನೆ’ ‘ಓಯ್ತೀನಿ’ ಆಗುತ್ತದೆ. ಕೊನೆಯ ಎರಡು ರೂಪಗಳಲ್ಲಿ ನಾಲ್ಕು ಅಕ್ಷರಗಳು ಮೂರಕ್ಕೆ ಇಳಿಯುತ್ತವೆ. ಮಾತ್ರೆಗಳು ಕ್ರಮವಾಗಿ ಆರರಿಂದ ಐದಕ್ಕೂ ಏಳರಿಂದ ಐದಕ್ಕೂ ಕುಗ್ಗುತ್ತವೆ. ಬಿಗಿಯಾದ ತಾಳಕ್ಕೆ ಮಾತು ಹೊಂದಿಸುವವನಿಗೆ ಇದು ಲಾಭ. ಆದುದರಿಂದ ಹಾಡಿನಲ್ಲಿ ‘ಬತ್ತೀನಿ’ ಕಂಡೊಡನೆ ಅದನ್ನು ಊರಿನ ನಿಷ್ಠೆಯ ಗುರುತೆಂದು ಎಣಿಸಲಾಗದು. ಅದು ಲಯದ ಅಗತ್ಯವೂ ಆಗಿರಬಹುದು.

ಇದಲ್ಲದೆ, ಒಂದೇ ರೂಪದ ಸಾಮಾಜಿಕ ಬೆಲೆ ಕೇಳುಗರೊಡನೆ ಬದಲಾಗುತ್ತದೆ. ತಲಕಾಡಿನ ಕಟ್ಟೆಯ ಮೇಲೆ ‘ಓಯ್ತೀನಿ’ ಎಂದವನ ಮಾತಿನಲ್ಲಿ ಯಾರೂ ವಿಶೇಷವನ್ನು ಕಾಣರು. ಅದೇ ಮಾತು ಬೆಂಗಳೂರಿನ ವೇದಿಕೆಯಲ್ಲಿ ಹಳ್ಳಿತನದ, ಹಾಸ್ಯದ ಅಥವಾ ಗಂಡುಗಲಿತನದ ಗುರುತಾಗುತ್ತದೆ. ಚಲನಚಿತ್ರಗಳು ಮಂಡ್ಯ–ಮೈಸೂರು ಭಾಗದ ನುಡಿಗೆ ಈ ಅರ್ಥಗಳನ್ನು ಮೊದಲೇ ಅಂಟಿಸಿವೆ. ಕೆಲವು ನುಡಿರೂಪಗಳು ಹೀಗೆ ಒಂದು ಬಗೆಯ ವ್ಯಕ್ತಿಯ ಗುರುತಾಗಿ ಸಮಾಜದಲ್ಲಿ ನೆಲೆಗೊಳ್ಳುವುದನ್ನು ಆಸಿಫ್ ಅಘಾ ‘ಎನ್‌ರಿಜಿಸ್ಟರ್‌ಮೆಂಟ್’ ಎಂದು ಕರೆದಿದ್ದಾರೆ. ಹಾಗೆ ನೆಲೆಗೊಂಡ ರೂಪಗಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆಯಿರುತ್ತದೆ. ಹೊರಗಿನ ಕಿವಿಗೆ ಗುರುತು ಸಿಗದ ರೂಪಗಳು ಕೈಬಿಟ್ಟುಹೋಗುತ್ತವೆ. ನಿಜವಾದ ನಷ್ಟ ಇಲ್ಲಿದೆ: ಉಪಭಾಷೆ ಮಾಯವಾಗುವುದಿಲ್ಲ, ನಾಲ್ಕಾರು ಚಿಹ್ನೆಗಳಿಗೆ ಇಳಿಯುತ್ತದೆ.

ಸಂಶೋಧಕರಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ರ‍್ಯಾಪ್ ಸಾಹಿತ್ಯವನ್ನು ಉಪಭಾಷೆಯ ನೇರ ದತ್ತಾಂಶವಾಗಿ ಬಳಸಲಾಗದು; ಅಂಡರ್‌ಗ್ರೌಂಡ್ ಗೀತೆಗೂ ಈ ಮಾತು ಸಲ್ಲುತ್ತದೆ. ಹಾಡಿದವರ ಸಹಜ ಸಂಭಾಷಣೆಯನ್ನು ಜೊತೆಗಿಟ್ಟು ಹೋಲಿಸಿದಾಗ ಮಾತ್ರ ಯಾವ ರೂಪ ರೂಢಿ, ಯಾವುದು ಲಯದ ಅಗತ್ಯ, ಯಾವುದು ಪ್ರದರ್ಶನ ಎಂಬುದು ಸ್ಪಷ್ಟವಾಗುತ್ತದೆ.